ಹಂಪಿ ಮರೆತ ಮಾಂಸ, ಜಪಾನ್ ಕಲಿತ ಕಟ್ಲೆಟ್

ಹೊಸಪೇಟೆಯ ಹೋಟೆಲಿನಲ್ಲಿ ಕಟ್ಲೆಟ್ ಕೇಳಿದರೆ ಸಾಮಾನ್ಯವಾಗಿ ಬರುವುದು ಆಲೂಗಡ್ಡೆ. ಬೇಯಿಸಿದ ಆಲೂಗಡ್ಡೆಗೆ ಗಜ್ಜರಿ, ಬಟಾಣಿ, ಕೆಲವು ಕಡೆ ಬೀಟ್‌ರೂಟ್ ಸೇರಿಸಿ, ತಟ್ಟಿ, ರವೆಯಲ್ಲೋ ಬ್ರೆಡ್ ಪುಡಿಯಲ್ಲೋ ಹೊರಳಿಸಿ ಕರಿದದ್ದು. ಪಕ್ಕದಲ್ಲಿ ಕೆಂಪು ಸಾಸ್. ಆದರೆ ಆ ಪದದ ಬೆನ್ನು ಹತ್ತಿದರೆ ಕೊನೆಗೆ ಸಿಗುವುದು ಎಲುಬು. ಫ್ರೆಂಚರ ಕೋತ್ಲೆತ್ ಅಂದರೆ ಪಕ್ಕೆಲುಬಿಗೆ ಅಂಟಿದ ಮಾಂಸದ ಚಿಕ್ಕ ತುಂಡು. ಅದು ಇಂಗ್ಲಿಷರ ಬಾಯಲ್ಲಿ ಕಟ್ಲೆಟ್ ಆಯಿತು. ಇಂಗ್ಲಿಷಿನಿಂದ ನಮ್ಮಲ್ಲಿಗೂ ಬಂತು, ಜಪಾನಿಗೂ ಹೋಯಿತು. ನಾವು ಹೆಸರು ಇಟ್ಟುಕೊಂಡು ಮಾಂಸ ಬಿಟ್ಟೆವು. ಜಪಾನಿನವರು ಹೆಸರನ್ನು ಕಾತ್ಸುರೆತ್ಸು ಅಂತ ತಿರುಚಿ, ಆಮೇಲೆ ಬರೀ ಕಾತ್ಸು ಅಂತ ಮೊಟಕು ಮಾಡಿ, ಮಾಂಸವನ್ನು ಮಾತ್ರ ಬಿಡಲಿಲ್ಲ.

ಆ ಕಾತ್ಸುವನ್ನು ಕತ್ತರಿಸಿ ಬಿಸಿ ಅನ್ನದ ಪಕ್ಕ ಇಟ್ಟು, ಮೇಲೆ ಕಂದು ಬಣ್ಣದ ದಪ್ಪ ಕರಿ ಸುರಿದರೆ ಅದು ಕಾತ್ಸು ಕರಿ. ಜಪಾನಿನ ಕಾರ್ಟೂನ್ ಸರಣಿ ನೋಡಿ ಬೆಳೆದ ಹುಡುಗ ಹುಡುಗಿಯರಿಗೆ ಇದರ ಪರಿಚಯ ಮಾಡಿಸಬೇಕಿಲ್ಲ. ಚಾಕಲೇಟ್ ಗಟ್ಟಿಯಂಥ ಕರಿ ಬಿಲ್ಲೆಯನ್ನು ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲಿ ಮಾಡುವವರೂ ಇದ್ದಾರೆ. ನಮ್ಮ ಗುಂಪಿನಲ್ಲೂ ಮಾಡಿದೆವು. ಮಾಡುತ್ತ ಒಂದೊಂದು ಸಾಮಾನಿನ ಚರಿತ್ರೆ ಕೆದಕಿದಾಗ ದಾರಿ ಪದೇ ಪದೇ ನಮ್ಮ ಊರಿನ ಮೇಲೇ ಹಾದು ಹೋಯಿತು. ಹೊಸಪೇಟೆಯಿಂದ ಹನ್ನೆರಡು ಹದಿಮೂರು ಕಿಲೋಮೀಟರ್ ದೂರದ ಹಂಪಿಯಿಂದಲೇ ಶುರು ಮಾಡಬಹುದು.

ಕೃಷ್ಣದೇವರಾಯನ ಕಾಲಕ್ಕೆ, 1520ರ ಆಸುಪಾಸಿನಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ವಿಜಯನಗರಕ್ಕೆ ಬಂದ. ಗೈಡ್‌ಗಳು ಅವನ ಹೆಸರು ಹೇಳುವುದು ಮುತ್ತು ರತ್ನದ ಬಜಾರಿನ ವಿಷಯಕ್ಕೆ. ಆದರೆ ಪಾಯಸ್ ಕಸಾಯಿ ಅಂಗಡಿಗಳನ್ನೂ ಅಷ್ಟೇ ಕುತೂಹಲದಿಂದ ನೋಡಿದ್ದ. ಬೀದಿ ಬೀದಿಯಲ್ಲಿ ಕುರಿ ಮಾಂಸ ಮಾರುವವರಿದ್ದರು ಅನ್ನುತ್ತಾನೆ. ಕೆಲವು ಬೀದಿಗಳ ಕಸಾಯಿ ಮನೆಗಳಲ್ಲಿ ಹಂದಿಗಳಿದ್ದವು, ಅಷ್ಟು ಬಿಳುಪಾದ ಅಷ್ಟು ಸ್ವಚ್ಛವಾದ ಹಂದಿಗಳನ್ನು ಬೇರೆ ಯಾವ ದೇಶದಲ್ಲೂ ಕಾಣಲಾರಿರಿ ಎಂಬ ಅರ್ಥದಲ್ಲಿ ಬರೆಯುತ್ತಾನೆ. ಒಂದು ಹಂದಿಗೆ ನಾಲ್ಕೈದು ಫನಮ್ ಬೆಲೆ. ಈ ಫನಮ್ ಬೇರೇನಲ್ಲ, ನಮ್ಮ ಹಣ. ಇವತ್ತು ದುಡ್ಡಿಗೆಲ್ಲ ನಾವು ಹೇಳುವ ಪದ ಆಗ ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರಾಗಿತ್ತು. ದೊಡ್ಡ ನಾಣ್ಯದ ಹೆಸರು ವರಾಹ. ಅರಸರ ಲಾಂಛನವೂ ವರಾಹವೇ.

ಸುಮಾರು ಹದಿನೈದು ವರ್ಷದ ನಂತರ, ಅಚ್ಯುತರಾಯನ ಕಾಲದಲ್ಲಿ, ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್ ಇಲ್ಲಿದ್ದ. ಅವನ ಪಟ್ಟಿ ಇನ್ನೂ ಉದ್ದ. ದನದ ಮಾಂಸ ಒಂದು ಬಿಟ್ಟು ಅರಸರು ಎಲ್ಲವನ್ನೂ ತಿನ್ನುತ್ತಿದ್ದರು ಎಂದು ಹೇಳಿ ಕುರಿ, ಹಂದಿ, ಜಿಂಕೆ, ಮೊಲ, ಕೌಜುಗ, ಪಾರಿವಾಳ ಎಂದು ಎಣಿಸುತ್ತ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯವರೆಗೆ ಹೋಗುತ್ತಾನೆ. ಎಲ್ಲವೂ ಪೇಟೆಯಲ್ಲಿ ಮಾರಾಟಕ್ಕಿದ್ದವಂತೆ. ಹೊರಗಿನವನ ಕಣ್ಣು, ಉತ್ಪ್ರೇಕ್ಷೆ ಇರಬಹುದು ಎಂದು ಯಾರಾದರೂ ಅಂದರೆ ನಮ್ಮ ತಕರಾರಿಲ್ಲ. ಆದರೆ ಮುತ್ತಿನ ರಾಶಿಯ ಮಾತು ನಂಬಿ ಹಂದಿಯ ಮಾತು ಮಾತ್ರ ಬಿಡುವುದು ನ್ಯಾಯವಲ್ಲ. ಎರಡನ್ನೂ ಬರೆದದ್ದು ಅದೇ ಕೈಗಳು. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಬೇಟೆಯ ಸಾಲುಗಳು ಈಗಲೂ ಇವೆ. ಮಹಾನವಮಿಯ ಕೊನೆಯ ದಿನ 250 ಕೋಣ, 4500 ಕುರಿ ಬಲಿಯಾದವು ಎಂಬ ಲೆಕ್ಕವನ್ನೂ ಕೊಟ್ಟವನು ಪಾಯಸನೇ.

ಅದೇ ಹೊತ್ತಿಗೆ ಜಪಾನಿನಲ್ಲಿ ಏನಿತ್ತು? ಅಲ್ಲಿ ಮಾಂಸ ಮೈಲಿಗೆ. ಕ್ರಿ.ಶ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನಬಾರದೆಂದು ಅಪ್ಪಣೆ ಹೊರಡಿಸಿದ್ದ. ವರ್ಷದಲ್ಲಿ ಕೆಲವು ತಿಂಗಳಿಗೆ ಮಾತ್ರ ಇದ್ದ ಆ ನಿಷೇಧ ಬೌದ್ಧ ಧರ್ಮದ ಪ್ರಭಾವದಲ್ಲಿ ಗಟ್ಟಿಯಾಗುತ್ತ ಹೋಯಿತು. ಕದ್ದುಮುಚ್ಚಿ ತಿನ್ನುವವರು, ಔಷಧಿ ಎಂದು ಹೇಳಿ ತಿನ್ನುವವರು, ಕಾಡುಹಂದಿ ಬೇಟೆಯಾಡುವವರು ಇದ್ದೇ ಇದ್ದರು. ಆದರೂ ಮರ್ಯಾದಸ್ಥರ ಊಟ ಅಂದರೆ ಅನ್ನ, ಮೀನು, ಸೊಪ್ಪು, ಸೋಯಾ. ಅಂದರೆ 1520ರಲ್ಲಿ ಹಂದಿ ಮಾಂಸ ಬೇಕಿದ್ದವನು ಕ್ಯೋಟೊಗಿಂತ ಹಂಪಿಗೆ ಬರುವುದೇ ಲೇಸಿತ್ತು.

ಈ ಎರಡು ಊರುಗಳ ನಡುವೆ ನೇರ ದಾರಿ ಇರಲಿಲ್ಲ, ಆದರೆ ಗೋವಾ ಇತ್ತು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಅರಬ್ಬಿ ಕುದುರೆಗಳು ಅಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಬರುತ್ತಿದ್ದವು. ಅದೇ ಪೋರ್ಚುಗೀಸರ ಪೈಕಿ ಕೆಲವರು 1543ರಲ್ಲಿ ಜಪಾನಿನ ತಾನೆಗಾಶಿಮಾ ದ್ವೀಪಕ್ಕೆ ಬಂದಿಳಿದರು. ಗೋವಾದಲ್ಲಿದ್ದ ಪಾದ್ರಿ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಜಪಾನ್ ಮುಟ್ಟಿದ. ತಾಳಿಕೋಟೆ ಯುದ್ಧಕ್ಕೆ ಇನ್ನೂ ಹದಿನಾರು ವರ್ಷ ಬಾಕಿ, ಹಂಪಿ ತುಂಬಿ ತುಳುಕುತ್ತಿದ್ದ ಕಾಲ.

ಈ ಹಡಗುಗಳಲ್ಲಿ ಹೋದದ್ದು ಬಂದೂಕು ಮತ್ತು ಬೈಬಲ್ ಮಾತ್ರ ಅಲ್ಲ, ರೊಟ್ಟಿಯೂ ಹೋಯಿತು. ಪೋರ್ಚುಗೀಸರ ಪಾಂವ್ ಗೋವಾ, ಮುಂಬೈ, ಬೆಳಗಾವಿ, ಹುಬ್ಬಳ್ಳಿಯಲ್ಲಿ ಪಾವ್ ಆಯಿತು. ಜಪಾನಿನಲ್ಲಿ ಪಾನ್ ಆಯಿತು. 1639ರಲ್ಲಿ ಜಪಾನ್ ಪೋರ್ಚುಗೀಸರನ್ನು ಹೊರಗಟ್ಟಿದ ಮೇಲೂ ಪದ ಮಾತ್ರ ಉಳಿಯಿತು. ಕಾತ್ಸುವಿನ ಮೇಲಿನ ಒರಟು ಬ್ರೆಡ್ ಚೂರಿಗೆ ಜಪಾನಿಗರು ಹೇಳುವ ಪಾಂಕೊ ಎಂಬ ಹೆಸರಿನಲ್ಲಿ ಪಾನ್ ಅಂದರೆ ಬ್ರೆಡ್, ಕೊ ಅಂದರೆ ಪುಡಿ. ವಡಾ ಪಾವ್ ತಿನ್ನುವವರಿಗೂ ಪಾಂಕೊ ಹಚ್ಚುವವರಿಗೂ ಪದದ ಮಟ್ಟಿಗೆ ದೂರದ ನೆಂಟಸ್ತಿಕೆ ಇದೆ. ನಮ್ಮ ಮಿರ್ಚಿ ಬಜ್ಜಿಗೂ ಈ ನೆಂಟಸ್ತಿಕೆ ಇದೆ ಅನ್ನಿ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಇಲ್ಲಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲೇ. ಮಂಡಕ್ಕಿ ಮಿರ್ಚಿಯನ್ನು ವಿಜಯನಗರ ಕಾಲದ ತಿಂಡಿ ಎಂದು ಹೊಗಳುವವರು ಇದನ್ನು ಒಮ್ಮೆ ನೆನೆಯಬೇಕು.

ಇನ್ನು ಕರಿ. ಇದು ತಮಿಳಿನ ಮೂಲದಿಂದ ಪೋರ್ಚುಗೀಸರ ಬಾಯಿಗೆ ಕರಿಲ್ ಆಗಿ, ಇಂಗ್ಲಿಷರ ಬಾಯಿಗೆ ಕರ್ರಿ ಆಗಿ ಹೋಯಿತೆಂಬುದು ಹೆಚ್ಚಿನವರು ಒಪ್ಪುವ ಮಾತು. ಕನ್ನಡದ ಮನೆಯಲ್ಲಿ ಆ ಅರ್ಥದಲ್ಲಿ ಕರಿ ಇಲ್ಲ. ನಮ್ಮಲ್ಲಿ ಸಾರು, ಹುಳಿ, ಪಲ್ಯ, ಗೊಜ್ಜು, ಎಸರು. ಕರಿ ಅಂದರೆ ಒಂದು ಬಣ್ಣ, ಇಲ್ಲವೇ ಎಣ್ಣೆಯಲ್ಲಿ ಮುಳುಗಿಸಿ ತೆಗೆಯುವ ಕೆಲಸ. ಆ ಲೆಕ್ಕದಲ್ಲಿ ಕಾತ್ಸು ಕರಿ ಎಂಬುದನ್ನು ಕನ್ನಡದವರು ಕೇಳಿದರೆ ಅದು ಕಾತ್ಸುವನ್ನು ಕರಿ ಎಂಬ ಅಪ್ಪಣೆಯಂತೆ ಕೇಳಿಸುತ್ತದೆ. ಕೇಳಿಸಿದ್ದು ಸರಿಯೂ ಹೌದು.

ಇಂಗ್ಲಿಷರು ಭಾರತದ ಹತ್ತಾರು ಬಗೆಯ ಅಡುಗೆಗಳನ್ನು ಒಂದೇ ಡಬ್ಬಿಗೆ ತುಂಬಿ ಕರಿ ಪುಡಿ ಮಾಡಿದರು. ಅರಿಸಿನ, ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಮೆಣಸು. ಹುಣಸೆ ಇಲ್ಲ, ಕರಿಬೇವಿನ ಘಮ ಇಲ್ಲ. ತೆಂಗು, ಶೇಂಗಾ ರುಬ್ಬಿ ದಪ್ಪ ಮಾಡುವ ನಮ್ಮ ಕ್ರಮದ ಬದಲು ಬೆಣ್ಣೆಯಲ್ಲಿ ಗೋಧಿ ಹಿಟ್ಟು ಹುರಿದು ದಪ್ಪ ಮಾಡಿದರು. 19ನೇ ಶತಮಾನದಲ್ಲಿ ಜಪಾನಿನ ಬಾಗಿಲು ತೆರೆದಾಗ ಅಲ್ಲಿಗೆ ಹೋದದ್ದು ಈ ಇಂಗ್ಲಿಷ್ ಕರಿ. ಹಾಗಾಗಿ ಜಪಾನಿನಲ್ಲಿ ಕರಿ ಬಹುಕಾಲ ಭಾರತದ ಊಟವಲ್ಲ, ಯುರೋಪಿನ ಊಟ. 1872ರಲ್ಲಿ ಅಲ್ಲಿ ಎರಡು ಪಾಶ್ಚಾತ್ಯ ಅಡುಗೆ ಪುಸ್ತಕಗಳು ಬಂದವು, ಎರಡರಲ್ಲೂ ಕರಿ ಇತ್ತು. ಒಂದರಲ್ಲಿ ಕರಿಗೆ ಹಾಕುವ ಸಾಮಾನಿನಲ್ಲಿ ಕಪ್ಪೆಯೂ ಸೇರಿದೆ. ನ್ಯೂನಿಜನ ಹಲ್ಲಿ ಇಲಿ ಓದಿ ಮೂಗು ಮುರಿದವರು ಇಲ್ಲಿ ಸಮಾಧಾನ ಪಟ್ಟುಕೊಳ್ಳಬಹುದು.

ಅದೇ 1872ರ ಜನವರಿಯಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದ, ಅದು ಸುದ್ದಿಯಾಯಿತು. ಸಾವಿರದ ಇನ್ನೂರು ವರ್ಷದ ಹಳೆಯ ಮಡಿ ಒಂದು ಊಟದಲ್ಲಿ ಮುರಿಯಲಿಲ್ಲ, ಜನ ಮುಖ ಸಿಂಡರಿಸಿದರು. ಆದರೆ ಸರ್ಕಾರ ಹಟ ಹಿಡಿಯಿತು. ಯುರೋಪಿನವರ ಹಾಗೆ ಬಲಶಾಲಿ ಸೈನ್ಯ ಬೇಕು, ಅದಕ್ಕೆ ಮಾಂಸ ಬೇಕು ಎಂಬ ವಾದ. ನೌಕಾಪಡೆಯಲ್ಲಿ ಇನ್ನೊಂದು ಗಂಭೀರ ಕಾರಣವೂ ಇತ್ತು. ಪಾಲಿಶ್ ಮಾಡಿದ ಬಿಳಿ ಅನ್ನವನ್ನೇ ತಿನ್ನುತ್ತಿದ್ದ ನಾವಿಕರು ಬೆರಿಬೆರಿ ರೋಗದಿಂದ ಕಾಲು ಊದಿ, ಹೃದಯ ನಿಂತು ಸಾಯುತ್ತಿದ್ದರು. ಲಂಡನ್ನಿನಲ್ಲಿ ಓದಿ ಬಂದಿದ್ದ ನೌಕಾಪಡೆಯ ವೈದ್ಯ ತಕಾಗಿ ಕಾನೆಹಿರೊ ಇದು ಊಟದ ದೋಷ ಎಂದು ಹೇಳಿ 1884ರಲ್ಲಿ ಒಂದು ಹಡಗಿನ ದೀರ್ಘ ಪ್ರಯಾಣಕ್ಕೆ ಊಟ ಬದಲಾಯಿಸಿದ. ಬ್ರೆಡ್, ಮಾಂಸ, ಬಾರ್ಲಿ ಬಂದ ಮೇಲೆ ರೋಗ ಇಳಿಯಿತು. ಕಾರಣ ಬಿ1 ಜೀವಸತ್ವ ಎಂಬುದು ತಿಳಿದದ್ದು ಆಮೇಲೆ. ಒಂದೇ ಪಾತ್ರೆಯಲ್ಲಿ ಮಾಂಸ, ತರಕಾರಿ, ಗೋಧಿ ಹಿಟ್ಟು ಬೇಯಿಸಿ ನೂರಾರು ಜನಕ್ಕೆ ಬಡಿಸಲು ಕರಿಗಿಂತ ಸುಲಭದ್ದೇನಿದೆ? 1908ರ ನೌಕಾಪಡೆಯ ಅಡುಗೆ ಕೈಪಿಡಿಯಲ್ಲಿ ಕರಿ ಅನ್ನ ಅಧಿಕೃತವಾಗಿ ಸೇರಿತ್ತು. ಊರಿಗೆ ಮರಳಿದ ಸೈನಿಕರು, ನಾವಿಕರು ಅದನ್ನು ಮನೆಗೆ ತಂದರು.

ಕಟ್ಲೆಟ್‌ನದು ಬೇರೆ ದಾರಿ. ಟೋಕಿಯೋದ ಗಿಂಜಾದಲ್ಲಿ ರೆಂಗತೇಯ್ ಎಂಬ ಹೋಟೆಲು 1899ರಲ್ಲಿ ಹಂದಿ ಮಾಂಸದ ತುಂಡನ್ನು ಬ್ರೆಡ್ ಚೂರಿನಲ್ಲಿ ಹೊರಳಿಸಿ, ಬಾಣಲೆಯಲ್ಲಿ ಬಾಡಿಸುವ ಬದಲು ಎಣ್ಣೆಯಲ್ಲಿ ಮುಳುಗಿಸಿ ಕರಿಯಿತು ಎನ್ನುತ್ತಾರೆ. ತರಕಾರಿ, ಮೀನನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ತೆಂಪುರ ಅಲ್ಲಿ ಮೊದಲೇ ಇತ್ತು, ಅದನ್ನೂ ಪೋರ್ಚುಗೀಸರಿಂದ ಕಲಿತದ್ದೆಂದು ಹೇಳಿಕೆ. ಕಾತ್ಸು ಮತ್ತು ಕರಿ ಒಂದೇ ತಟ್ಟೆಗೆ ಬಂದದ್ದು ಯಾವಾಗ ಎಂಬುದಕ್ಕೆ ಜಗಳವಿದೆ. 1918ರಲ್ಲಿ ಅಸಾಕುಸಾದಲ್ಲಿ ಎಂದು ಒಂದು ವಾದ, 1948ರಲ್ಲಿ ಗಿಂಜಾದ ಹೋಟೆಲಿನಲ್ಲಿ ಬೇಸ್‌ಬಾಲ್ ಆಟಗಾರ ಚಿಬಾ ಶಿಗೆರು ಅವಸರಕ್ಕೆ ಎರಡನ್ನೂ ಸೇರಿಸಿ ಕೊಡಲು ಕೇಳಿದ್ದರಿಂದ ಎಂದು ಇನ್ನೊಂದು. ನಮಗೆ ಎರಡನೆಯದು ಇಷ್ಟ. ಹಸಿದವನ ಅವಸರದಿಂದ ಹುಟ್ಟಿದ ಅಡುಗೆಗಳೇ ಹೆಚ್ಚು.

ಮಧ್ಯೆ ಭಾರತದ ಕರಿಯೂ ನೇರವಾಗಿ ಒಮ್ಮೆ ಜಪಾನಿಗೆ ಬಂದಿತ್ತು. ಬ್ರಿಟಿಷರಿಂದ ತಪ್ಪಿಸಿಕೊಂಡು ಹೋಗಿದ್ದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ಅಡಗಿದ್ದ ನಕಮುರಾಯ ಬೇಕರಿಯವರ ಮಗಳನ್ನೇ ಮದುವೆಯಾದರು. 1927ರಲ್ಲಿ ಆ ಅಂಗಡಿಯಲ್ಲಿ ಭಾರತದ ಕೋಳಿ ಕರಿ ಶುರುವಾಯಿತು. ಅದು ಈಗಲೂ ಸಿಗುತ್ತದೆ. ಆದರೆ ಮನೆ ಮನೆಯಲ್ಲಿ ಗೆದ್ದದ್ದು ಬಿಲ್ಲೆಯ ಕರಿಯೇ. 1963ರಲ್ಲಿ ಸೇಬು ಮತ್ತು ಜೇನು ಹಾಕಿದ ವರ್ಮಾಂಟ್ ಕರಿ ಬಂದು ಮಕ್ಕಳ ಊಟವನ್ನೂ ಹಿಡಿಯಿತು.

ಮನೆಯಲ್ಲಿ ಮಾಡಲು ಬಿಲ್ಲೆ ಬೇಕೇ ಬೇಕು ಅಂತಿಲ್ಲ. ನಾಲ್ಕು ಜನಕ್ಕೆ ಎರಡು ದೊಡ್ಡ ಈರುಳ್ಳಿ ಸಣ್ಣಗೆ ಹೆಚ್ಚಿ, ಬೆಲ್ಲದ ಬಣ್ಣ ಬರುವವರೆಗೆ ತಾಳ್ಮೆಯಿಂದ ಹುರಿಯಬೇಕು. ಗಜ್ಜರಿ, ಆಲೂಗಡ್ಡೆ ದಪ್ಪ ಹೋಳು ಹಾಕಿ ನೀರಲ್ಲಿ ಬೇಯಿಸಿ. ಬೇರೆ ಬಾಣಲೆಯಲ್ಲಿ ಎರಡು ಚಮಚ ಬೆಣ್ಣೆಗೆ ಮೂರು ಚಮಚ ಮೈದಾ ಹಾಕಿ ಸಣ್ಣ ಉರಿಯಲ್ಲಿ ಹುರಿದು, ಕಂದು ತಿರುಗಿದ ಮೇಲೆ ಒಲೆ ಆರಿಸಿ ಕರಿ ಪುಡಿ ಸೇರಿಸಿ. ಸಾಂಬಾರ್ ಪುಡಿ ಇದಕ್ಕೆ ಒಗ್ಗುವುದಿಲ್ಲ, ಬೇಳೆ ಇಂಗು ಎದ್ದು ಕುಳಿತುಬಿಡುತ್ತವೆ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಕಾಳುಮೆಣಸು, ಚಕ್ಕೆ, ಲವಂಗ ಹುರಿದು ಅರಿಸಿನ ಬೆರೆಸಿದರೆ ಸಾಕು. ಸೇಬಿನ ಬದಲು ನಾವು ಒಂದು ಚೂರು ಬೆಲ್ಲ ಹಾಕಿದೆವು. ಕೊನೆಗೆ ಅದು ಹರಿಯದ ಹಾಗೆ, ಚಮಚಕ್ಕೆ ಅಂಟುವ ಹಾಗೆ ನಿಲ್ಲಬೇಕು. ಮನೆಯ ಹಿರಿಯರೊಬ್ಬರು ಬಾಣಲೆಗೆ ಇಣುಕಿ, “ಇದೇನ್ರಪಾ, ಜುಣಕದಂಗ ಐತಿ” ಅಂದರು. ವರ್ಣನೆ ಕರಾರುವಾಕ್ಕು.

ಅನ್ನಕ್ಕೆ ಕಂಪ್ಲಿ ಕಡೆಯ ಸೋನಾ ಮಸೂರಿ. ನಮ್ಮಲ್ಲಿ ಹಳೆ ಅಕ್ಕಿಗೆ ಮರ್ಯಾದೆ, ಹೊಸ ಅಕ್ಕಿ ಮುದ್ದೆಯಾಗುತ್ತದೆ ಎಂದು ಬೈಗುಳ. ಈ ಊಟಕ್ಕೆ ಬೇಕಾದದ್ದು ಮಾತ್ರ ಸ್ವಲ್ಪ ಅಂಟುವ ಅನ್ನ. ಸುಗ್ಗಿ ಆದ ಮೇಲೆ ಕಂಪ್ಲಿಯ ಗದ್ದೆಯ ಹೊಸ ಅಕ್ಕಿ ಸಿಕ್ಕರೆ ಅದೇ ಸರಿ. ವಿಜಯನಗರದವರು ಕಟ್ಟಿದ ಅಣೆಕಟ್ಟು ಕಾಲುವೆಗಳಲ್ಲಿ ಕೆಲವು ಈ ಸೀಮೆಗೆ ಈಗಲೂ ನೀರು ಕೊಡುತ್ತಿವೆ. ಗೋಧಿಯ ಕಥೆ ಬೇರೆ. ಪಾಯಸ್ ಬಂದಾಗ ಇಲ್ಲಿ ಗೋಧಿ ಇತ್ತು, ಆದರೆ ಉಳಿದ ಧಾನ್ಯಗಳಿಗಿಂತ ಕಡಿಮೆ, ಅದನ್ನು ತಿನ್ನುತ್ತಿದ್ದವರು ಮುಸಲ್ಮಾನರು ಮಾತ್ರ ಎನ್ನುತ್ತಾನೆ. ಈಗ ಬೇಕರಿ ಇಲ್ಲದ ಓಣಿ ಇಲ್ಲ. ಪಾಂಕೊ ಬದಲು ಸಿಹಿ ಕಡಿಮೆ ಇರುವ ಬ್ರೆಡ್ಡಿನ ಅಂಚು ತೆಗೆದು, ಒರಟಾಗಿ ಉದುರಿಸಿ, ನಮ್ಮ ಬಿಸಿಲಿಗೆ ಒಂದು ತಾಸು ಇಟ್ಟರೆ ಆಯಿತು. ಟೋಸ್ಟ್ ಪುಡಿ ಬೇಡ, ಅದು ನುಣುಪು, ಬೇಗ ಕಪ್ಪಾಗುತ್ತದೆ.

ಕೋಳಿಯ ಎದೆ ಭಾಗವನ್ನು ಲಟ್ಟಣಿಗೆಯಿಂದ ಬಡಿದು ತೆಳ್ಳಗೆ ಮಾಡಿ, ಉಪ್ಪು ಮೆಣಸು ಸವರಿ, ಮೈದಾ, ಒಡೆದ ಮೊಟ್ಟೆ, ಬ್ರೆಡ್ ಚೂರು ಈ ಕ್ರಮದಲ್ಲಿ ಹೊರಳಿಸಿ ಕರಿಯಬೇಕು. ಚೂರೊಂದನ್ನು ಎಣ್ಣೆಗೆ ಬಿಟ್ಟರೆ ಅರ್ಧಕ್ಕೆ ಇಳಿದು ತೇಲಿ ಬರಬೇಕು, ಆಗ ಕಾವು ಸರಿ. ಬದನೆಕಾಯಿ ಬಿಲ್ಲೆಯಲ್ಲೂ ಹೀಗೇ ಮಾಡಬಹುದು. ಜಪಾನಿನಲ್ಲಿ ಕೊರೊಕ್ಕೆ ಎಂಬ ಆಲೂಗಡ್ಡೆಯದೂ ಇದೆ, ನಮ್ಮ ಹೋಟೆಲ್ ಕಟ್ಲೆಟ್‌ನ ಖಾಸಾ ತಮ್ಮ.

ಬಡಿಯುವ ಕೆಲಸಕ್ಕೇ ಕಷ್ಟ. ಹೊಸಪೇಟೆಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ಅಡ್ವಾನ್ಸ್ ಎಷ್ಟು ಎಂಬುದಕ್ಕಿಂತ ಮೊದಲು ಬರುವ ಪ್ರಶ್ನೆ “ನೀವು ಯಾವ ಪೈಕಿ, ನಾನ್‌ವೆಜ್ ಮಾಡ್ತೀರೇನ್ರೀ?” ನಮ್ಮಲ್ಲಿ ಒಬ್ಬರು ಆ ಪ್ರಶ್ನೆಗೆ ನಿಜ ಹೇಳಿ ಮೂರು ಮನೆ ಕಳೆದುಕೊಂಡರು, ನಾಲ್ಕನೆಯದಕ್ಕೆ ಸುಳ್ಳು ಹೇಳಿದರು. ಅಂಥ ಮನೆಯಲ್ಲಿ ಮಾಂಸದ ಸಾರು ಕುದಿಸಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಕಾತ್ಸು ಕರಿಯುವಾಗ ಮಾತ್ರ ವಾಸನೆ ಬಜ್ಜಿಯದೇ. ಕೆಳಗಿನಿಂದ “ಏನು, ಮಿರ್ಚಿ ಮಾಡಕತ್ತೀರಾ?” ಎಂಬ ಪ್ರಶ್ನೆ ಬಂದದ್ದೂ ಉಂಟು. ಲಟ್ಟಣಿಗೆಯ ಸದ್ದಿಗೆ ಟಿವಿ ಜೋರು ಮಾಡಬೇಕಾಯಿತು.

ಅದು ಕೋಳಿಯ ಮಾತಾಯಿತು. ಹಂದಿಯ ಮಾತು ತೆಗೆಯುವಂತೆಯೇ ಇಲ್ಲ. ಹಂದಿ ತಿನ್ನುವ, ಸಾಕುವ ಸಮುದಾಯಗಳು ನಮ್ಮ ಜಿಲ್ಲೆಗಳಲ್ಲಿ ಇವೆ, ಅವರ ಊಟವನ್ನು ಬೈಗುಳಕ್ಕೆ ಬಳಸುವವರೂ ಇದ್ದಾರೆ. ಪಾಯಸ್ ಬೆರಗಾಗಿ ನೋಡಿದ ಬೀದಿಯ ವಾರಸುದಾರರೆಂದು ಅವರನ್ನು ಯಾವ ಉತ್ಸವದ ವೇದಿಕೆಗೂ ಕರೆದದ್ದನ್ನು ನಾವು ವರದಿ ಮಾಡಿಲ್ಲ. ವಿರೂಪಾಕ್ಷ ಗುಡಿಯ ಸುತ್ತ ಮಾಂಸ ಮಾರುವಂತಿಲ್ಲ, ಅದು ಕ್ಷೇತ್ರದ ನಡವಳಿಕೆ, ಅದಕ್ಕೆ ನಮ್ಮ ಗೌರವವಿದೆ. ಆದರೆ ಗುಡಿಯ ಸುತ್ತಲಿನ ನಿಯಮವನ್ನು ಹಿಂದಕ್ಕೆ ಎಳೆದು ಇಡೀ ರಾಜಧಾನಿಗೆ ಹೊದಿಸಿದರೆ ಅದು ಚರಿತ್ರೆ ಆಗುವುದಿಲ್ಲ.

ಬ್ರೆಡ್ ಚೂರಿನ ಮಾಂಸ ಹಂಪಿಯಲ್ಲೂ ಒಂದಷ್ಟು ಕಾಲ ಇತ್ತು, ಹೊಳೆಯ ಆಚೆ. ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡಿಯ ಹೋಟೆಲುಗಳಿಗೆ ಇಸ್ರೇಲಿನ ಹುಡುಗರು ಗುಂಪು ಗುಂಪಾಗಿ ಬರುತ್ತಿದ್ದರು. ಅವರಿಗಾಗಿ ಮೆನುವಿನಲ್ಲಿ ಶ್ನಿಟ್ಸೆಲ್ ಇರುತ್ತಿತ್ತು, ಬಡಿದು ತೆಳ್ಳಗೆ ಮಾಡಿ, ಮೊಟ್ಟೆ ಬ್ರೆಡ್ ಚೂರಿನಲ್ಲಿ ಅದ್ದಿ ಕರಿದ ಕೋಳಿ. ಕಾತ್ಸುವಿನ ಆಸ್ಟ್ರಿಯಾದ ಅಣ್ಣ. ಮಾಡುತ್ತಿದ್ದವರು ಸುತ್ತಲಿನ ಹಳ್ಳಿಯ ಹುಡುಗರು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಗಡ್ಡಿಯ ಕಟ್ಟಡಗಳು ಅಕ್ರಮ ಎಂಬ ತೀರ್ಪನ್ನು ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿ ಬಂದವು, ಬೆನ್ನಿಗೇ ಲಾಕ್‌ಡೌನ್. ಸ್ಮಾರಕದ ರಕ್ಷಣೆಗೆ ಆ ತೀರ್ಪು ಬೇಕಿತ್ತೆಂದು ನಾವೂ ಒಪ್ಪುತ್ತೇವೆ. ಆ ಕೈಗಳಲ್ಲಿದ್ದ ವಿದ್ಯೆ ಎಲ್ಲಿಗೆ ಹೋಯಿತೆಂದು ಮಾತ್ರ ಯಾವ ಪತ್ರಿಕೆಯ ಜಿಲ್ಲಾ ಪುಟಕ್ಕೂ ಬೇಕಿರಲಿಲ್ಲ.

ಸಂಡೂರಿಗೂ ಜಪಾನಿಗೂ ಇರುವುದು ಊಟದ ಸಂಬಂಧವಲ್ಲ, ಮಣ್ಣಿನದು. ದೋಣಿಮಲೈ ಗಣಿ ಶುರುವಾದದ್ದು 1977ರಲ್ಲಿ. ಬಳ್ಳಾರಿ ಹೊಸಪೇಟೆ ವಲಯದ ಅದಿರು ರೈಲಿನಲ್ಲಿ ಮದ್ರಾಸ್ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಕೆಂಪು ಧೂಳು ಕುಡಿದದ್ದು ನಾವು, ಅದರಲ್ಲಿ ಕಾರು ಮಾಡಿದ್ದು ಅವರು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಅದೇ ವರ್ಷ ಜಪಾನಿನ ಜೆಎಫ್‌ಇ ಸ್ಟೀಲ್ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯೂ ಸ್ಟೀಲ್‌ನಲ್ಲಿ ಸುಮಾರು ಶೇ 15ರಷ್ಟು ಪಾಲು ಕೊಂಡಿತು. ಮಣ್ಣು ಅವರಲ್ಲಿಗೆ ಹೋಗುವ ಬದಲು ದುಡ್ಡು ಇಲ್ಲಿಗೆ ಬಂತು.

ಜಪಾನಿನಿಂದ ವಿಜಯನಗರಕ್ಕಾಗಿ ಬಂದ ಒಬ್ಬರ ಹೆಸರು ಹೇಳಲೇಬೇಕು. ಇತಿಹಾಸಕಾರ ನೊಬೊರು ಕರಾಶಿಮಾ ದಕ್ಷಿಣ ಭಾರತದ ಶಾಸನಗಳನ್ನು ಜೀವನವಿಡೀ ಓದಿದವರು. ವಿಜಯನಗರದ ಆಳ್ವಿಕೆಯಲ್ಲಿ ನಾಯಕರು, ತೆರಿಗೆ, ರೈತರು ಹೇಗಿದ್ದರೆಂದು ಬರೆದವರು. 2013ರಲ್ಲಿ ಪದ್ಮಶ್ರೀ ಬಂತು, 2015ರಲ್ಲಿ ತೀರಿಕೊಂಡರು. ಅವರು ಪತ್ನಿಯ ಜೊತೆ ಸೇರಿ ಜಪಾನೀ ಭಾಷೆಯಲ್ಲಿ ಕರಿಯ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಅಲ್ಲಿನ ಜನಪ್ರಿಯ ಅಡುಗೆ ಕಾಮಿಕ್ಸ್ ಒಂದರ ಕರಿ ಸಂಚಿಕೆಯಲ್ಲಿ ಕರಿಯ ಮೂಲ ಯಾವುದೆಂದು ಕೇಳಲು ಪಾತ್ರಗಳು ಹೋಗುವುದು ಈ ಪ್ರೊಫೆಸರರ ಬಳಿಗೇ. ಶಾಸನದಲ್ಲಿ ತೆರಿಗೆ ಹುಡುಕುವವರಿಗೆ ಊಟ ಕೀಳು ವಿಷಯ ಅನ್ನಿಸಿರಲಿಲ್ಲ.

ಕರಿ ಮಾರನೆಯ ದಿನಕ್ಕೆ ರುಚಿ ಹೆಚ್ಚು ಎಂದು ಜಪಾನಿನಲ್ಲಿ ಹೇಳುತ್ತಾರೆ. ಉಳಿದದ್ದನ್ನು ನಾವು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದೆವು. ಕಾತ್ಸು ಮಾತ್ರ ಒಂದೂ ಉಳಿದಿರಲಿಲ್ಲ.